ಹೇಜಲ್ ಕಿವಿಗೆ ಹಾಕಿಕೊಳ್ಳದ ಸದ್ದು

ಮನೆಯ ಹಿಂದಿನ ಗಾಳಿಯಂತ್ರ ಒಂದು ಸುತ್ತು ಮುಗಿಸುವಾಗಲೊಮ್ಮೆ ಕಿರ್ ಎನ್ನುತ್ತದೆ. ಹೇಜಲ್ ನ್ಯಾನ್‌ಕಿವೆಲ್ ಬೆಳಿಗ್ಗೆ ಮಲಗಿದಲ್ಲಿಂದಲೇ ಅದನ್ನು ಕೇಳುತ್ತಾಳೆ. ಕಿರ್ ಕಿರ್‌ಗಳ ನಡುವಿನ ಬಿಡುವಿನಲ್ಲೇ ಅವಳಿಗೆ ಆ ದಿನದ ಗಾಳಿ ತಿಳಿಯುತ್ತದೆ, ಬಿಸಿಲು ಎಷ್ಟು ಏರಬಹುದೆಂದು ತಿಳಿಯುತ್ತದೆ.

"ಅದಕ್ಕೊಂದು ತೊಟ್ಟು ಎಣ್ಣೆ ಬಿಡಬಾರ್ದಾ, ಹೇಜಲಕ್ಕ?" ಎಂದು ಆಸ್ಪತ್ರೆಯ ನರ್ಸ್ ಮಾರಿಸೆಲ್ ಒಮ್ಮೆ ಕೇಳಿದ್ದಳು. ಫಿಲಿಪ್ಪೀನ್ಸಿನಿಂದ ಬಂದವಳು, ತನ್ನ ದೇಶದ ರೂಢಿಯಂತೆ ಹಿರಿಯರನ್ನು ಅಕ್ಕ ಎಂದೇ ಕರೆಯುವವಳು.

"ಎಣ್ಣೆ ಬಿಟ್ರೆ ಅದು ಮಾತಾಡೋದು ನಿಲ್ಸುತ್ತೆ ಕಣೇ," ಎಂದಿದ್ದಳು ಹೇಜಲ್.

ಒಣನಾಡಿನ ಪುಟ್ಟ ಊರು ವಿಲ್ಕಾರಾಕ್ಕೆ ಇರುವುದು ಒಂದೇ ಬೀದಿ, ಒಂದೇ ಗ್ಯಾರೇಜು. ಅಪ್ಪ ನಡೆಸುತ್ತಿದ್ದ ಆ ಗ್ಯಾರೇಜಿನಲ್ಲಿ ಹೇಜಲ್ ಹದಿನಾರನೇ ವಯಸ್ಸಿಗೆ ನಿಂತವಳು, ಈಗ ಅರವತ್ತೊಂದು. ಅಪ್ಪನಿಂದ ಬಂದ ಉದ್ದನೆಯ ಸ್ಕ್ರೂಡ್ರೈವರ್ ಒಂದಿದೆ. ಅದರ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಗೆ ಆನಿಸಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಾಳೆ. ಒಂದು ನಿಮಿಷಕ್ಕೆಲ್ಲ ಯಾವ ಭಾಗ ನರಳುತ್ತಿದೆ ಎಂದು ಹೇಳುತ್ತಾಳೆ. ಮುನ್ನೂರು ಕಿಲೋಮೀಟರು ದೂರದಿಂದ ಹಳೆಯ ಡೀಸೆಲ್ ಜೀಪುಗಳನ್ನು ಎಳೆದುಕೊಂಡು ಜನ ಅವಳ ಕಿವಿಯನ್ನು ಹುಡುಕಿಕೊಂಡು ಬರುತ್ತಿದ್ದರು.

ಗ್ಯಾರೇಜಿನ ಬಾಗಿಲ ಪಕ್ಕ ಒಂದು ಕರಿಹಲಗೆ ಇದೆ. ಮಣ್ಣುರಸ್ತೆ ಹಿಡಿದು ಹೊರಡುವವರು ಯಾರೇ ಆಗಲಿ, ಹೆಸರು, ಹೋಗುವ ಜಾಗ, ಹಿಂದಿರುಗುವ ಹೊತ್ತು ಬರೆದು ಹೋಗಬೇಕು. ಬರೆದ ಹೊತ್ತು ಮೀರಿ ಅರ್ಧ ಗಂಟೆಯಾದರೆ, ಹಲಗೆ ನೋಡಿದವರು ಹುಡುಕಿಕೊಂಡು ಹೊರಡಬೇಕು. ಗಾಡಿಯ ಕೀಲಿ ಗಾಡಿಯಲ್ಲೇ ಇರಬೇಕು ಎನ್ನುವುದು ಇನ್ನೊಂದು ರೂಢಿ. ಬೆಂಕಿಯೋ, ಅಪಘಾತವೋ ಆದರೆ ಹತ್ತಿರವಿರುವ ಗಾಡಿಯನ್ನು ಯಾರಾದರೂ ಹತ್ತಿಕೊಂಡು ಹೋಗಬಹುದು. ಹೇಜಲ್ ಎಷ್ಟೋ ಜನರನ್ನು ಹುಡುಕಿ ತಂದಿದ್ದಾಳೆ. ಅವಳನ್ನು ಹುಡುಕಲು ಮಾತ್ರ ಯಾರೂ ಹೋದದ್ದಿಲ್ಲ.

ಹೋದ ತಿಂಗಳು ಊರಾಡಳಿತದ ಕೌನ್ಸಿಲ್ಲಿನಿಂದ ಒಂದು ಕಾಗದ ಬಂತು. ಆಸ್ಪತ್ರೆಯ ಬಿಳಿ ಕಾರಿನಂತೆ ಕೌನ್ಸಿಲ್ಲಿನ ಗಾಡಿಗಳೆಲ್ಲ ಇನ್ನೊಂದು ವರ್ಷದಲ್ಲಿ ಕರೆಂಟಿನವಾಗುತ್ತವೆ. ಹೇಜಲ್ ಪೋರ್ಟ್ ಆಗಸ್ಟಾ ಪಟ್ಟಣಕ್ಕೆ ಹೋಗಿ ಆರು ವಾರ ಕಲಿತು ಬಂದರೆ ಆ ಗಾಡಿಗಳ ರಿಪೇರಿ ಕೆಲಸ ಅವಳಿಗೇ ಉಳಿಯುತ್ತದೆ. ಇಲ್ಲವಾದರೆ ದೂರದ ಊರಿನವರ ಪಾಲು. ಆ ಕೆಲಸ ಹೋದರೆ ಗ್ಯಾರೇಜು ಉಳಿಯುವುದಿಲ್ಲವೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಉತ್ತರ ಕೊಡಲು ಶುಕ್ರವಾರ ಕಡೆಯ ದಿನ.

"ಇಂಜಿನ್ನೇ ಇಲ್ಲದ ಗಾಡಿಗೆ ನಾನು ಎಲ್ಲಿ ಕಿವಿ ಇಡ್ಲಿ?" ಎಂದು ಅವಳು ಕಾಗದವನ್ನು ಚಹಾದ ಡಬ್ಬಿಯ ಕೆಳಗೆ ಸಿಕ್ಕಿಸಿದ್ದಳು. ಮಾರಿಸೆಲ್ ಓಡಿಸುವ ಬಿಳಿ ಕಾರಿಗೆ ಹೇಜಲ್ ಇಟ್ಟ ಹೆಸರು ಫ್ರಿಜ್ಜು.

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಗ್ಯಾರೇಜಿನ ವೈರ್‌ಲೆಸ್ ರೇಡಿಯೋದಲ್ಲಿ ಸುದ್ದಿ ಬಂತು. ಮೂರನೇ ಬಾವಿಯ ಪಂಪು ನಿಂತಿದೆ, ತೊಟ್ಟಿ ಬರಿದಾಗಿದೆ, ಇನ್ನೂರು ದನ ಸುತ್ತ ನಿಂತಿವೆ. ಹೇಜಲಳ ಗಾಡಿಯ ಗೇರ್‌ಬಾಕ್ಸು ಬಿಚ್ಚಿ ನೆಲದ ಮೇಲಿತ್ತು. ಅಂಚೆ ಕಚೇರಿಯ ಮುಂದೆ ಊರಿನವನೇ ಆದ ಗಾರ್ಥ್ ಲಿಂಡ್ನರನ ಹೊಸ ಜೀಪು ಚಾಲೂ ಆಗಿಯೇ ನಿಂತಿತ್ತು. ಒಳಗೆ ತಂಪು ಗಾಳಿಯಲ್ಲಿ ಅವನ ನಾಯಿ ಡಸ್ಟರ್ ಮಲಗಿತ್ತು. ಹೇಜಲ್ ಹಲಗೆಯ ಮೇಲೆ ಬರೆದಳು: ಹೇಜಲ್, ಗಾರ್ಥ್ ಗಾಡಿ, ಮೂರನೇ ಬಾವಿ, ಮಧ್ಯಾಹ್ನ ಒಂದು ಗಂಟೆಗೆ ವಾಪಸು. ಸಾಮಾನಿನ ಪೆಟ್ಟಿಗೆಯನ್ನು ಜೀಪಿನೊಳಗೆ ಎಸೆದು ಹತ್ತಿದಳು.

ಗಾಡಿ ಬೀದಿ ದಾಟುತ್ತಲೇ ಪೀಪ್ ಪೀಪ್ ಪೀಪ್ ಎಂದಿತು. ಪರದೆಯ ಮೇಲೆ ಏನೋ ಕೆಂಪಗೆ ಮಿಣುಕಿತು.

"ನೋಡೋ ಡಸ್ಟರ್, ಬೆಲ್ಟ್ ಹಾಕಿದ್ರೂ ಅಳುತ್ತೆ, ಹಾಕದಿದ್ರೂ ಅಳುತ್ತೆ ನಿಮ್ಮ ಗಾಡಿ," ಎಂದು ಅವಳು ಗಮನ ಕೊಡದೆ ನಡೆಸಿದಳು.

ಬಾವಿಯ ಹತ್ತಿರ ಬಂದವಳೇ ಎಂದಿನಂತೆ ಗಾಡಿ ಆರಿಸಿದಳು. ಪಂಪಿನ ಸದ್ದು ಕೇಳಬೇಕಾದರೆ ಸುತ್ತ ಬೇರೆ ಸದ್ದಿರಬಾರದು. ಪಂಪಿನ ಹಳೆಯ ಇಂಜಿನ್ನನ್ನು ಕೈಯಿಂದ ತಿರುಗಿಸಿ ಆಲಿಸಿದಳು, ಕಸ ಕಟ್ಟಿದ ಡೀಸೆಲ್ ಕೊಳವೆ ಬಿಚ್ಚಿ ಊದಿದಳು. ಮುಕ್ಕಾಲು ಗಂಟೆಯಲ್ಲಿ ತೊಟ್ಟಿಗೆ ನೀರು ಬಿತ್ತು. ದನಗಳು ಅವಳನ್ನು ತಳ್ಳಿಕೊಂಡೇ ಮುಂದೆ ನುಗ್ಗಿದವು.

ತಿರುಗಿ ಬಂದು ಜೀಪಿನ ಗುಂಡಿ ಒತ್ತಿದಳು. ಗಾಡಿ ಉಸಿರೆತ್ತಲಿಲ್ಲ. ಕೀಲಿ ಸಿಗುತ್ತಿಲ್ಲ ಎಂದು ಪರದೆ ಹೇಳಿತು.

ಆಗ ಅವಳಿಗೆ ಹೊಳೆಯಿತು. ಈ ಗಾಡಿಗೆ ಕೀಲಿ ಚುಚ್ಚುವ ತೂತೇ ಇಲ್ಲ, ಕೀಲಿ ಗಾಡಿಯೊಳಗೆ ಇದ್ದರೆ ಮಾತ್ರ ಗುಂಡಿ ಒತ್ತಿ ಚಾಲೂ ಮಾಡಬಹುದು. ಕೀಲಿ ಗಾರ್ಥನ ಜೇಬಿನಲ್ಲಿದೆ, ಅರವತ್ತು ಕಿಲೋಮೀಟರು ಹಿಂದೆ. ಗಾಡಿ ಬೀದಿಯ ಕೊನೆಯಲ್ಲೇ ಅದನ್ನು ಮೂರು ಸಲ ಕೂಗಿ ಹೇಳಿತ್ತು.

ರೇಡಿಯೋ ಗಾಡಿಯ ಜೊತೆಗೇ ಸತ್ತಿತ್ತು. ಫೋನಿಗೆ ಇಲ್ಲಿ ಸಿಗ್ನಲ್ ಎಂದೂ ಇದ್ದದ್ದಿಲ್ಲ. ಅವಳು ಬಾನೆಟ್ ಎತ್ತಿದಳು. ಕಂಡದ್ದು ಕರಿ ಪ್ಲಾಸ್ಟಿಕ್ಕಿನ ಮುಚ್ಚಳ. ಸುಮ್ಮನೆ ಒಮ್ಮೆ ಸ್ಕ್ರೂಡ್ರೈವರ್ ಒತ್ತಿ ಕಿವಿ ಕೊಟ್ಟಳು. ತನ್ನದೇ ರಕ್ತದ ಜುಂಯ್ ಸದ್ದು ಬಿಟ್ಟು ಏನೂ ಕೇಳಲಿಲ್ಲ. ನಾಯಿಯನ್ನು ಇಳಿಸಿಕೊಂಡು, ತೊಟ್ಟಿಯ ನೀರಿನಲ್ಲಿ ಟೋಪಿ ಅದ್ದಿ ತಲೆಗಿಟ್ಟು, ಜೀಪಿನ ನೆರಳಿನಲ್ಲಿ ಕುಳಿತಳು. ಹಲಗೆಯಲ್ಲಿ ಬರೆದ ಒಂದು ಗಂಟೆಯಾಯಿತು, ದಾಟಿತು. ಹಲಗೆಯ ಮೇಲೆ ತನ್ನ ಹೆಸರು ಅಳಿಸದೆ ಉಳಿದಿರುವುದನ್ನು ನೆನೆದಾಗ ಬಿಸಿಲಿಗಿಂತ ಹೆಚ್ಚು ಮುಖ ಸುಟ್ಟಿತು.

ಫ್ರಿಜ್ಜು ಬಂದದ್ದು ಅವಳಿಗೆ ಕೇಳಿಸಲಿಲ್ಲ. ಪಂಪಿನ ಸದ್ದಿನಲ್ಲಿ ದನಗಳೂ ತಲೆ ಎತ್ತಲಿಲ್ಲ. ಬಾಗಿಲು ಬಡಿದಾಗ ನೋಡಿದರೆ ಮಾರಿಸೆಲ್, ಪಕ್ಕದಲ್ಲಿ ಗಾರ್ಥ್.

"ಗಾಡಿ ಹೋದ್ರೆ ಹೋಗ್ಲಿ, ನನ್ ನಾಯೀನೂ ಕದ್ದೆಯಲ್ಲೇ!" ಎಂದ ಗಾರ್ಥ್.

"ಕೀಲಿ ಜೇಬಲ್ಲಿಟ್ಕೊಂಡು ಗಾಡಿ ಬೀದೀಲಿ ಬಿಡೋನು ನೀನೊಬ್ನೇ."

"ಪೀಪ್ ಅನ್ಲಿಲ್ವಾ ಅದು?"

ಹೇಜಲ್ ಟೋಪಿ ಹಿಂಡಿದಳು. "ಅಂತು. ನಾನೇ ಕಿವಿಗೆ ಹಾಕ್ಕೊಳ್ಲಿಲ್ಲ."

ಗಾರ್ಥ್ ನಗಬೇಕೆಂದು ಬಾಯಿ ತೆರೆದವನು ಅವಳ ಮುಖ ನೋಡಿ ಡಸ್ಟರನ್ನು ಎತ್ತಿಕೊಂಡ. "ಮುಂದಿನ ಸೀಟು ಡಸ್ಟರಂದು. ನೀನು ಫ್ರಿಜ್ಜಲ್ಲಿ ಬಾ," ಎಂದಷ್ಟೇ ಹೇಳಿ ತನ್ನ ಗಾಡಿ ಹತ್ತಿದ.

ಮಾರಿಸೆಲ್ ಮಣ್ಣುರಸ್ತೆಯ ಏರಿಳಿತಗಳನ್ನು ತಪ್ಪಿಸುತ್ತ ನಿಧಾನವಾಗಿ ನಡೆಸಿದಳು. ಹೇಜಲ್ ಕೈ ಮಡಿಲಲ್ಲಿಟ್ಟು ಕುಳಿತಿದ್ದಳು. ಮೊದಲು ಕೇಳಿದ್ದು ತಳಕ್ಕೆ ಬಡಿಯುವ ಕಲ್ಲು. ಆಮೇಲೆ ನಾಲ್ಕು ಟೈರು, ಒಂದೊಂದೂ ಬೇರೆ ಬೇರೆಯಾಗಿ. ಅವುಗಳ ಕೆಳಗೆ ಇನ್ನೇನೋ, ಬಟ್ಟಲಲ್ಲಿ ಮರಳು ತಿರುಗಿಸಿದ ಹಾಗೆ.

"ನಿಲ್ಸು. ಅಲ್ಲ, ನಿಲ್ಸಬೇಡ. ಸ್ವಲ್ಪ ಬಲಕ್ಕೆ ತಿರುಗ್ಸು... ಈಗ ಎಡಕ್ಕೆ." ಅವಳು ಕಣ್ಣು ಮುಚ್ಚಿದ್ದಳು. "ಎಡಗಡೆ ಮುಂದಿನ ಚಕ್ರದ ಬೇರಿಂಗು ಸವೀತಿದೆ ಕಣೇ."

"ನಂಗೇನೂ ಕೇಳಿಸ್ಲಿಲ್ವಲ್ಲ?"

"ಡೀಸೆಲ್ ಗಾಡಿಯಾಗಿದ್ರೆ ಇಂಜಿನ್ ಸದ್ದಲ್ಲಿ ನಂಗೂ ಕೇಳಿಸ್ತಿರ್ಲಿಲ್ಲ, ಇನ್ನೂ ಸಾವಿರ ಕಿಲೋಮೀಟರು ಓಡಿ ಸವೀಬೇಕಿತ್ತು." ಅವಳ ದನಿಯಲ್ಲಿ ಅಚ್ಚರಿಯಿತ್ತು.

ಗ್ಯಾರೇಜಿನ ಮುಂದೆ ಇಳಿದವಳೇ ಹಲಗೆಯತ್ತ ಹೋದಳು. ತನ್ನ ಹೆಸರಿನ ಸಾಲನ್ನು ಅಂಗೈಯಿಂದ ಒರೆಸಿದಳು. ಸೀಮೆಸುಣ್ಣ ಕೈಗೆತ್ತಿಕೊಂಡಳು. ಅಲ್ಲೇ ಮತ್ತೆ ಬರೆದಳು: ಹೇಜಲ್, ಪೋರ್ಟ್ ಆಗಸ್ಟಾ, ಆರು ವಾರಕ್ಕೆ ವಾಪಸು.

ಗಾರ್ಥ್ ಓದಿದ. "ಆರು ವಾರದ ಮೇಲೆ ಅರ್ಧ ಗಂಟೆ ಆದ್ರೂ ಹುಡುಕ್ಕೊಂಡು ಬರ್ತೀವಿ, ನೋಡ್ಕೋ."

"ಬೇರಿಂಗು, ಹೇಜಲಕ್ಕ?" ಎಂದಳು ಮಾರಿಸೆಲ್.

"ನಾಳೆ ತಾ, ಚಕ್ರ ನಾನೇ ಬಿಚ್ತೀನಿ. ಬ್ಯಾಟರಿಗೆ ಮಾತ್ರ ಈಗ್ಲೇ ಕೈ ಹಾಕಲ್ಲ. ಅಲ್ಲಿ ಏನ್ ಹೇಳಿಕೊಡ್ತಾರೋ ಮೊದ್ಲು ಕೇಳಿ..."

ಬೀದಿಯಾಚೆ ಗಾರ್ಥನ ಜೀಪು ಪೀಪ್ ಎಂದಿತು. ಮತ್ತೆ ಎಂದಿತು.

"ಬಿಡೇ, ಸುಮ್ನೆ ಅಳುತ್ತೆ ಅದು," ಎಂದ ಗಾರ್ಥ್.

"ಸುಮ್ನೆ ಅಲ್ಲ. ಈ ಸಲ ಎರಡೇ, ಆಗ ಮೂರಿತ್ತು. ತಾಳು, ಅದೇನೋ..." ಎನ್ನುತ್ತ ಹೇಜಲ್ ಸೀಮೆಸುಣ್ಣ ಹಿಡಿದುಕೊಂಡೇ ಬೀದಿ ದಾಟಿ ನಡೆದಳು.