ಒಡೆದರೆ ಮಾತ್ರ ವಾರಂಟಿ

ಆಯುಧ ಪೂಜೆಯ ಬೆಳಿಗ್ಗೆ ಬಸಕ್ಕ ಅಂಗಡಿಯ ಸಾಮಾನನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹಳೆಯ ಸೀರೆಯ ಮೇಲೆ ಜೋಡಿಸಿದಳು. ಜಾಕು, ಲಿವರು, ಗಾಳಿ ಗನ್ನು, ಅದರ ಮೂತಿಗೆ ಸಿಕ್ಕಿಸಿ ಲಾರಿ ಚಕ್ರದ ನಟ್ಟು ಬಿಚ್ಚುವ ಕರಿ ಇಂಪ್ಯಾಕ್ಟ್ ಸಾಕೆಟ್ಟುಗಳು. ಒಂದೊಂದಕ್ಕೂ ಮೂರು ಬೆರಳಲ್ಲಿ ವಿಭೂತಿ ಎಳೆದಳು. ಕುಷ್ಟಗಿ ಕಡೆಯ ಊರಲ್ಲಿ ಕುಂಟೆ ಕೂರಿಗೆಗೆ ಎಳೆಯುತ್ತಿದ್ದವಳು ಇಲ್ಲಿ ಆನೇಕಲ್ ರಸ್ತೆಯ ಟೈರ್ ಅಂಗಡಿಯಲ್ಲಿ ಕಬ್ಬಿಣಕ್ಕೆ ಎಳೆಯುತ್ತಿದ್ದಳು, ಅಷ್ಟೇ ವ್ಯತ್ಯಾಸ.

ಹೂವು ಏರಿಸಲು ಬಗ್ಗಿದಾಗ ಕಂಡಿತು. ಮೂವತ್ಮೂರನೇ ನಂಬರಿನ ಸಾಕೆಟ್ಟಿನ ಮೇಲಿನ ವಿಭೂತಿ ಒಣಗಿ ಬೆಳ್ಳಗಾಗಿತ್ತು. ಆ ಬಿಳುಪಿನಲ್ಲಿ ಕೂದಲೆಳೆಯಷ್ಟು ಕರಿ ಗೆರೆಯೊಂದು ಮೇಲಿಂದ ಕೆಳಕ್ಕೆ ಇಳಿದಿತ್ತು. ಒರೆಸಿ ಮತ್ತೆ ಹಚ್ಚಿದಳು. ಅದೇ ಜಾಗದಲ್ಲಿ ಮತ್ತೆ ಮೂಡಿತು. ಬಿರುಕಿನೊಳಗೆ ಕೂತಿದ್ದ ಸೀಮೆಎಣ್ಣೆ ವಿಭೂತಿಯನ್ನು ತೋಯಿಸಿಕೊಂಡು ಹೊರಗೆ ಬರುತ್ತಿತ್ತು.

ಗಂಡ ಸಿದ್ರಾಮ ಅದನ್ನು ಕೊಂಡು ತಂದು ಇನ್ನೂ ವಾರವಾಗಿರಲಿಲ್ಲ. ಪೀಣ್ಯದಲ್ಲಿ ಚಿಕ್ಕಬೈರಪ್ಪನ ಹಳೇ ಸಾಮಾನಿನ ಅಂಗಡಿ. ಹೊಸದು ಕೊಳ್ಳುವ ತಾಕತ್ತಿಲ್ಲದ ಗ್ಯಾರೇಜಿನವರೆಲ್ಲ ಅಲ್ಲಿಗೇ ಹೋಗುವುದು. ಒಡೆದರೆ ಬದಲಿ ಕೊಡುತ್ತೇನೆ ಎಂದು ಬಾಯಿಮಾತಲ್ಲಿ ಹೇಳಿಯೇ ಅವನು ಮಾರುತ್ತಿದ್ದ. ಹಬ್ಬದ ದಿನ ಒಡಕು ಮಾತು ಬೇಡ ಎಂದ ಸಿದ್ರಾಮ. ವೆಲ್ಡಿಂಗ್ ಹಾಕಿಸಿದರೆ ಇನ್ನೊಂದು ವರ್ಷ ಬರುತ್ತದೆ ಎಂದೂ ಸೇರಿಸಿದ. ಬಸಕ್ಕನ ಕಣ್ಣ ಮುಂದೆ ಎದುರು ಅಂಗಡಿಯ ಭರಮಪ್ಪ ಬಂದು ನಿಂತ. ಅವನೂ ವೆಲ್ಡಿಂಗ್ ಹಾಕಿಸಿದ್ದವನೇ. ಗನ್ನು ಒತ್ತಿದಾಗ ವೆಲ್ಡಿನ ಪಕ್ಕದಲ್ಲೇ ಸಿಡಿದ ಚೂರು ಅವನ ಎಡಗಣ್ಣು ತೆಗೆದುಕೊಂಡು ಹೋಗಿತ್ತು.

“ನೀವು ಗನ್ ಒತ್ತೂ ಮುಂದ ಕೂಸು ನಿಮ್ಮ ಮಗ್ಗಲದಾಗ ಆಡ್ತಿರ್ತೈತಿ,” ಎಂದಳು. “ಇದನ್ನ ಗನ್ನಿಗೆ ಹಾಕಾಕ ನಾ ಬಿಡಂಗಿಲ್ಲ.”

ಅಂದವಳೇ ಸಾಕೆಟ್ಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಹೋಳಿಗೆ ಬೇಯಿಸುವಾಗಲೂ ಬಿಚ್ಚಲಿಲ್ಲ.

ಹಬ್ಬ ಕಳೆದ ಮೇಲೆ, ಹೋಗಿ ಬದಲಾಯಿಸಿಕೊಂಡು ಬನ್ನಿ ಎಂದರೆ ಸಿದ್ರಾಮ ಜಾರಿಕೊಂಡ. ಹಳೇ ಮಾಲಿಗೆ ವಾರಂಟಿ ಕೇಳಿದರೆ ಪೇಟೆಯವರು ನಗುತ್ತಾರಂತೆ. ನಗಲಿ, ಎಷ್ಟು ಹಲ್ಲಿವೆ ಎಣಿಸಿಕೊಂಡು ಬರುತ್ತೇನೆ ಎಂದು ಬಸಕ್ಕ ಒಂದು ವಿಭೂತಿ ಗಟ್ಟಿ ಚೀಲಕ್ಕೆ ಹಾಕಿ, ಕೂಸನ್ನು ಸೊಂಟಕ್ಕೇರಿಸಿ ಬಸ್ಸು ಹತ್ತಿದಳು.

ಪೀಣ್ಯದಲ್ಲಿ ಆಗ ಮೆಟ್ರೋ ಕಂಬಗಳು ಏಳುತ್ತಿದ್ದವು. ಧೂಳಿಗೆ ಕೂಸಿನ ಮುಖಕ್ಕೆ ಸೆರಗು ಮುಚ್ಚಿಕೊಂಡು ಕೇಳುತ್ತ ಕೇಳುತ್ತ ಅಂಗಡಿ ಹುಡುಕಿದಳು. ಚಿಕ್ಕಬೈರಪ್ಪ ಸಾಕೆಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿದ.

“ಇದು ಬಿರುಕಲ್ಲ ಕಣಮ್ಮ, ಗೀರು. ಮಕ್ಳು ಬಿದ್ರೆ ಮೊಣಕೈಗೆ ಆಗಲ್ವಾ, ಅಂಥದ್ದು.”

ಬಸಕ್ಕ ಅವನ ಅಂಗಡಿಯ ಸೀಮೆಎಣ್ಣೆಯನ್ನೇ ಕೇಳಿ ಪಡೆದು, ಸವರಿ, ಒರೆಸಿ, ವಿಭೂತಿ ತಿಕ್ಕಿ ತೋರಿಸಿದಳು. ಗೆರೆ ಮೂಡಿತು. ಅಂಗಡಿಯೊಳಗೆ ಸಾಮಾನು ಆರಿಸುತ್ತಿದ್ದ ಗಿರಾಕಿಗಳು ಹತ್ತಿರ ಬಂದು ಬಗ್ಗಿ ನೋಡಿದರು. ಚಿಕ್ಕಬೈರಪ್ಪ ದಾರಿ ಬದಲಿಸಿದ.

“ನಾನ್ ಹೇಳಿರೋದು ಒಡೆದ್ರೆ ಬದಲಿ ಅಂತ. ಇದು ಒಡೆದಿದ್ಯಾ? ಒಡೀಲಿ, ತಗೊಂಡ್ ಬಾ. ಮರುಮಾತಿಲ್ದೆ ಕೊಡ್ತೀನಿ.”

“ಹಂಗಾರ ನಿಮ್ಮ ಗನ್ನಿಗೆ ಹಾಕ್ರಿ ಅಣ್ಣಾರ. ನೀವ ಹಿಡಕೊಂಡು ಒಂದು ನಟ್ ಬಿಚ್ರಿ. ನಾ ಕೂಸಿನ್ನ ಎತ್ಕೊಂಡು ರಸ್ತೆದಾಚಿ ನಿಂದರ್ತೀನಿ.”

“ನಂಗೇನ್ ಹುಚ್ಚಾ?” ಎಂದುಬಿಟ್ಟ ಚಿಕ್ಕಬೈರಪ್ಪ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಗಿರಾಕಿಗಳ ನಡುವೆ ಯಾರೋ ಕೆಮ್ಮಿದಂತೆ ಮಾಡಿ ನಕ್ಕರು.

ಮುಖ ಗಂಟಿಕ್ಕಿಕೊಂಡೇ ಬೇರೊಂದನ್ನು ಎತ್ತಿಕೊಟ್ಟ. ಬಸಕ್ಕ ಅದಕ್ಕೂ ಸೀಮೆಎಣ್ಣೆ ಸವರಿ, ಒರೆಸಿ, ವಿಭೂತಿ ಹಚ್ಚಿದಳು, ಗೆರೆ. ಮತ್ತೊಂದಕ್ಕೂ ಗೆರೆ. ಆಮೇಲಿನದು ಮಾತ್ರ ಹಾಲಿನ ಕೆನೆಯ ಹಾಗೆ ಬೆಳ್ಳಗೆ ಉಳಿಯಿತು. ಅದನ್ನು ಅವಳು ಎತ್ತಿಕೊಳ್ಳುವಷ್ಟರಲ್ಲಿ ಚಿಕ್ಕಬೈರಪ್ಪ ಬಿರುಕಿನದಕ್ಕೆ ಕೈ ಚಾಚಿದ. ಹಳೆಯದು ಇಟ್ಟು ಬದಲಿ ಒಯ್ಯುವುದು ಪೇಟೆಯ ಪದ್ಧತಿ ಎಂದ.

ಅವನ ಬೆನ್ನ ಹಿಂದಿನ ಹಲಗೆಯ ಮೇಲೆ ಕಬ್ಬಿಣ ಉಜ್ಜುವ ಗ್ರೈಂಡರಿತ್ತು. ಪಕ್ಕದಲ್ಲಿ ಕರಿ ಬಣ್ಣದ ಡಬ್ಬಿ, ಇನ್ನೂ ಹಸಿಯಾಗಿದ್ದ ಬ್ರಷ್ಷು. ನಾಳೆ ಇದೇ ಸಾಕೆಟ್ಟು ಹೊಸ ಬಣ್ಣ ಬಳಿದುಕೊಂಡು ಇನ್ಯಾರ ಮನೆಗೆ ಹೋಗುತ್ತದೋ ಎನಿಸಿ ಬಸಕ್ಕ ಅದನ್ನು ಎಡಗೈಯಲ್ಲಿ ಹಿಡಿದು ಹಿಂದಕ್ಕೆಳೆದುಕೊಂಡಳು. ಮೊದಲು ಒಡೆದು ಹಾಕಿ, ಆಮೇಲೆ ಇಟ್ಟುಕೊಳ್ಳಿ ಎಂದಳು.

“ಹೆಂಗಿದೆಯೋ ಹಂಗೇ ಕೊಟ್ರೆ ಬದಲಿ. ಇಲ್ಲಾಂದ್ರೆ ನಿನ್ ಬಿರುಕು ನೀನೇ ಇಟ್ಕೊಂಡು ಹೊರಡು.”

ಒಳ್ಳೆಯ ಸಾಕೆಟ್ಟು ಅವಳ ಬಲಗೈಯಲ್ಲೇ ಇತ್ತು. ಎಡಗೈಯದನ್ನು ಕೊಟ್ಟುಬಿಟ್ಟರೆ ಸಂಜೆಯೊಳಗೆ ಮನೆ. ಕೂಸು ಹಸಿದು ಅವಳ ಕುಪ್ಪಸ ಎಳೆಯುತ್ತಿತ್ತು. ಬರಿಗೈಲಿ ಹೋದರೆ ಸಿದ್ರಾಮ ಏನನ್ನುತ್ತಾನೆ ಎಂಬುದೂ ಗೊತ್ತಿತ್ತು.

ಒಳ್ಳೆಯದನ್ನು ಮೇಜಿನ ಮೇಲಿಟ್ಟಳು. ನರೆಗಡ್ಡದ ಗಿರಾಕಿಯೊಬ್ಬರ ಕೈಗೆ ಕೂಸನ್ನು ಕೊಟ್ಟು, ದೂರ ಹೋಗಿ ನಿಲ್ಲಿ ಎಂದಳು. ಬಿರುಕಿನದನ್ನು ಅಂಗಳದಲ್ಲಿ ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟು, ಚೂರು ಸಿಡಿಯದಂತೆ ಗೋಣಿಚೀಲ ಮಡಚಿ ಹೊದಿಸಿ, ಗೋಡೆಗೆ ಒರಗಿಸಿದ್ದ ದೊಡ್ಡ ಸುತ್ತಿಗೆ ಎತ್ತಿದಳು. ಲಾರಿ ಟೈರು ಎಬ್ಬಿಸಿ ಪಳಗಿದ ತೋಳು. ಚಿಕ್ಕಬೈರಪ್ಪ ಎದ್ದು ಬರುವಷ್ಟರಲ್ಲಿ ಎರಡು ಏಟು ಬಿದ್ದಿದ್ದವು. ಮುಂದಿನ ಏಟಿಗೆ ಗೋಣಿಯೊಳಗೆ ಲಟಕ್ಕೆಂದಿತು.

ಚೀಲ ಸರಿಸಿದರೆ ಎರಡು ಹೋಳು. ಈಗ ಸೀಳಿದ ಅಂಚು ಮಾತ್ರ ಹೊಳೆಯುತ್ತಿತ್ತು. ಒಳಗೆಲ್ಲ ಕೆಂಪು ತುಕ್ಕು. ಸಿದ್ರಾಮ ಕೊಳ್ಳುವುದಕ್ಕೆ ಎಷ್ಟೋ ಮೊದಲೇ ಬಿರಿದಿದ್ದ ಕಬ್ಬಿಣ. ಸುತ್ತ ನಿಂತವರೆಲ್ಲ ಕಂಡರು.

“ಒಡೀತಲ್ರಿ ಅಣ್ಣಾರ,” ಎಂದಳು ಏದುಸಿರಿನಲ್ಲಿ. “ಈಗ ಕೊಡ್ರಿ.”

ಚಿಕ್ಕಬೈರಪ್ಪ ಹೋಳುಗಳನ್ನು ನೋಡಿದ, ಗಿರಾಕಿಗಳನ್ನು ನೋಡಿದ. ಮೇಜಿನ ಮೇಲಿದ್ದುದನ್ನು ಅವಳತ್ತ ತಳ್ಳಿದ.

“ಇನ್ಮೇಲೆ ನನ್ನಂಗ್ಡಿ ಕಡೆ ತಲೆ ಹಾಕ್ಬೇಡ ತಾಯಿ.”

“ಬರ್ತೀನ್ರಿ,” ಎಂದಳು ಬಸಕ್ಕ, ಕೂಸನ್ನು ಇಸಿದುಕೊಳ್ಳುತ್ತ. “ನಮ್ಮ ಇಪ್ಪತ್ತೇಳು ನಂಬರಿನ ಸಾಕೆಟ್ಟೂ ಸವದೈತಿ.”