ಅಜ್ಜಿಯ ವಯಸ್ಸು ಹುಡುಕಿಕೊಂಡು

ತುಮಕೂರು ಬಸ್ ನಿಲ್ದಾಣದಿಂದ ಗುಬ್ಬಿಯ ಬಸ್ಸು ಏಳೂಕಾಲಕ್ಕೆ ಹೊರಡಬೇಕಿತ್ತು, ಏಳೂವರೆಗೆ ಹೊರಟಿತು. ಡ್ರೈವರು ಕಾಫಿಗೆ ಹೋಗಿದ್ದೆನೆಂದು ಹೇಳಿದ, ಆದರೆ ಅವನ ಬಾಯಲ್ಲಿ ಎಲೆಅಡಿಕೆ ಇತ್ತು. ಬಸ್ಸಿನ ತುಂಬ ಉಚಿತ ಟಿಕೆಟ್ಟಿನ ಹೆಂಗಸರು. ದುಡ್ಡು ಕೊಟ್ಟು ಹತ್ತಿದ ಏಳೆಂಟು ಗಂಡಸರು ಕಂಬಿ ಹಿಡಿದು ನಿಂತಿದ್ದೆವು. ಮೇ ತಿಂಗಳ ಕೊನೆ, ಹಿಂದಿನ ದಿನ ಒಂದು ಮಳೆ ಬಿದ್ದು ಹೋಗಿತ್ತು. ಶಾಲೆಗಳು ಬಾಗಿಲು ತೆಗೆದು ಎರಡು ದಿನವಾಗಿತ್ತು. ನನಗೆ ಬೇಕಾಗಿದ್ದದ್ದೂ ಒಂದು ಶಾಲೆಯೇ.

ನಾನು ನಿವೃತ್ತ ಪಿ.ಟಿ. ಮೇಷ್ಟ್ರು. ಮೂವತ್ತು ವರ್ಷ ಸೀಟಿ ಊದಿದವನು. ವಯಸ್ಸು ಮುಚ್ಚಿಟ್ಟು ಆಡಲು ಬರುವವರನ್ನು ಹಿಡಿಯುವುದರಲ್ಲಿ ಜಿಲ್ಲೆಯಲ್ಲೆಲ್ಲ ನನಗೆ ಹೆಸರಿತ್ತು. ಮೀಸೆ ಬೋಳಿಸಿಕೊಂಡು ಹದಿನಾಲ್ಕರೊಳಗಿನ ಕಬಡ್ಡಿಗೆ ಬಂದವನನ್ನು ಕೆನ್ನೆ ಸವರಿಯೇ ಹಿಡಿದಿದ್ದೇನೆ. "ಇವ್ರು ದೇವ್ರ ಪ್ರಸಾದನೂ ಮೂಸಿ ನೋಡಿ ತಿನ್ನೋರು" ಎಂದು ನನ್ನ ಹೆಂಡತಿ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ನನ್ನ ಉತ್ತರ.

ಈ ಹೆಸರು ಬೆಂಗಳೂರಿನ ಒಂದು ಫುಟ್‌ಬಾಲ್ ಕ್ಲಬ್ಬಿನವರೆಗೂ ಮುಟ್ಟಿತ್ತು. ದೇಶದ ಮಹಿಳಾ ಲೀಗಿನ ಮೊದಲ ದರ್ಜೆಯಲ್ಲಿ ಆಡುವ ಕ್ಲಬ್ಬು ಅದು. ಹಿಂದಿನ ವಾರ ಅದರ ಮ್ಯಾನೇಜರು ಫೋನ್ ಮಾಡಿದ್ದ. ಅವರ ತಂಡದ ಎಡಗಡೆಯ ರಕ್ಷಣೆ ಆಟಗಾರ್ತಿ ನಂದಿನಿ ಹುಲಿಯೂರುದುರ್ಗದವಳು, ಒಂದನೇ ತರಗತಿಗೆ ಸೇರಿದ್ದು ಮಾತ್ರ ಗುಬ್ಬಿಯ ಶಾಲೆಯಲ್ಲಿ. ದಾಖಲೆಯ ಪ್ರಕಾರ ಅವಳಿಗೆ ಹತ್ತೊಂಬತ್ತು, ಇಪ್ಪತ್ತೊಂದರೊಳಗಿನ ಆಟಗಾರ್ತಿಯರಿಗೆಂದು ಮೀಸಲಿಟ್ಟ ಸ್ಥಾನದಲ್ಲಿ ಇಡೀ ಸೀಸನ್ ಆಡಿದ್ದಳು. ಸೀಸನ್ ಮುಗಿಯುತ್ತಲೇ ಕ್ಲಬ್ಬಿಗೆ ಒಂದು ಮೂಗರ್ಜಿ ಬಂದಿತ್ತು. ಸಹಿ ಇಲ್ಲದ ಆ ಕಾಗದ ಹೇಳಿದ್ದು ಇಷ್ಟು: ಇವಳ ವಯಸ್ಸು ಇಪ್ಪತ್ತೊಂದು ದಾಟಿದೆ, ಶಾಲೆಯ ದಾಖಲೆ ಸುಳ್ಳು, ಬೇಕಾದರೆ ಅವಳ ತಂಡದವರನ್ನೇ ಕೇಳಿ, ಎಲ್ಲರೂ ಅವಳನ್ನು 'ಅಜ್ಜಿ' ಎಂದೇ ಕರೆಯುತ್ತಾರೆ.

"ಅಜ್ಜಿ ಅನ್ನೋದು ನಿಜಾನಾ?" ಎಂದು ಕೇಳಿದ್ದೆ.

"ಹೂಂ ಸರ್, ಗ್ರೌಂಡಲ್ಲೂ ಹಂಗೇ ಕೂಗ್ತಾರೆ. ಯಾಕೆ ಅಂತ ಗೊತ್ತಿಲ್ಲ. ಸೋಮವಾರದೊಳಗೆ ನೀವು ಸರಿ ಅಂದ್ರೆ ಮುಂದಿನ ಸೀಸನ್ನಿಗೆ ಸೈನ್ ಮಾಡಿಸ್ತೀವಿ, ಇಲ್ಲಾಂದ್ರೆ ಬಿಟ್ಬಿಡ್ತೀವಿ."

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂದುಕೊಂಡೇ ಹೊರಟಿದ್ದೆ. ನಿಂತಲ್ಲೇ ಮ್ಯಾನೇಜರು ಕಳಿಸಿದ ಸೀಸನ್ನಿನ ಪಟ್ಟಿಯನ್ನು ಇನ್ನೊಂದು ಸಲ ಓದಿದೆ. ಹದಿನಾಲ್ಕು ಪಂದ್ಯ. ಒಡಿಶಾ, ಕೋಲ್ಕತ್ತ, ಕೇರಳ ಸುತ್ತಿ ಬಂದ ತಂಡ ಎಂಟು ತಂಡಗಳಲ್ಲಿ ಆರನೇ ಸ್ಥಾನದಲ್ಲಿ ನಿಂತು, ಕೆಳದರ್ಜೆಗೆ ಬೀಳುವುದರಿಂದ ಸ್ವಲ್ಪದರಲ್ಲಿ ತಪ್ಪಿಸಿಕೊಂಡಿತ್ತು. ಹದಿನಾಲ್ಕರಲ್ಲಿ ಹದಿಮೂರು ಪಂದ್ಯ ಈ ಹುಡುಗಿ ಮೊದಲ ನಿಮಿಷದಿಂದ ಕೊನೆಯವರೆಗೆ ಆಡಿದ್ದಳು. ಹತ್ತೊಂಬತ್ತರ ಹುಡುಗಿಗೆ ಇಷ್ಟು ದಮ್ಮು ಎಲ್ಲಿಂದ ಬಂತು ಎಂಬ ಅನುಮಾನ ನನಗೆ ಅಲ್ಲೇ ಹತ್ತಿತು.

ಗುಬ್ಬಿಯಲ್ಲಿ ಅಂದು ಸಂತೆ. ಕೊಬ್ಬರಿಯ ವಾಸನೆ ಬಸ್ ನಿಲ್ದಾಣದವರೆಗೂ ಬಂದಿತ್ತು. ಹೋಟೆಲೊಂದರಲ್ಲಿ ಎರಡು ತಟ್ಟೆಇಡ್ಲಿ ತಿಂದೆ, ಚಟ್ನಿಯಲ್ಲಿ ಕಾಯಿಗಿಂತ ಹುರಿಗಡಲೆ ಜಾಸ್ತಿ ಇತ್ತು. ತೆಂಗಿನ ನಾಡಿನಲ್ಲಿ ಕೂತು ಕಾಯಿ ಉಳಿಸುವ ಜನರನ್ನು ನಂಬುವುದಾದರೂ ಹೇಗೆ? ಶಾಲೆಗೆ ಅಲ್ಲಿಂದ ಕಾಲ್ನಡಿಗೆಯ ದಾರಿ. ದಾರಿ ನನಗೆ ಗೊತ್ತಿತ್ತು. ಬಹಳ ಹಿಂದೆ ಅಲ್ಲಿನ ಹೆಡ್ ಮೇಷ್ಟ್ರು ರಜೆ ಹಾಕಿದಾಗ ಒಂದೂವರೆ ತಿಂಗಳು ನನ್ನನ್ನು ಅಲ್ಲಿಗೆ ಹಾಕಿದ್ದರು.

ಈಗಿನ ಹೆಡ್ ಮೇಡಂ ಒಂದನೇ ತರಗತಿಗೆ ಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದರು. ನಾನು ಬಂದ ಕೆಲಸ ಹೇಳಿದ ಕೂಡಲೇ ಎದ್ದು ಬೀರು ತೆಗೆದರು. ಇಷ್ಟು ಬೇಗ ಯಾಕೆ ತೆಗೆದರು, ಮೊದಲೇ ಯಾರಾದರೂ ಫೋನ್ ಮಾಡಿದ್ದರೇ ಎಂದು ಯೋಚಿಸುತ್ತ ಕೂತೆ.

"ಈಗೆಲ್ಲಾ ಆಸ್ಪತ್ರೆ ಸರ್ಟಿಫಿಕೇಟ್ ಇಲ್ದೆ ಕಂಪ್ಯೂಟರ್ ತಗಳಲ್ಲ ಸಾರ್" ಎಂದು ಧೂಳು ಕೊಡವುತ್ತ ಹೇಳಿದರು. "ಆಗಿನ್ ಕಾಲದೋರು ಬುದ್ವಂತ್ರು. ಮಗೀನ ನಿಲ್ಸಿ ನೋಡೋರು, ಜೂನ್ ಒಂದು ಅಂತ ಬರಿಯೋರು. ಅರ್ಧ ತಾಲೂಕೇ ಜೂನ್ ಒಂದಕ್ಕೆ ಹುಟ್ಟೈತೆ."

ನಾನು ನಕ್ಕೆ. ನಮ್ಮ ಕಡೆಯ ಶಾಲೆಗಳ ಹಳೆಯ ಪದ್ಧತಿ ಅದು. ಹುಟ್ಟಿದ ದಿನ ಕೇಳಿದರೆ ತಂದೆತಾಯಿ "ರಾಗಿ ಕುಯ್ಲಲ್ಲಿ" ಎನ್ನುತ್ತಿದ್ದರು. ಮೇಷ್ಟ್ರು ಶಾಲೆ ಶುರುವಾಗುವ ದಿನದಿಂದ ಆರು ವರ್ಷ ಹಿಂದಕ್ಕೆ ಎಣಿಸಿ ಬರೆದುಬಿಡುತ್ತಿದ್ದರು. ನಾನು ನಿವೃತ್ತನಾದದ್ದೂ ನಮ್ಮ ಮೇಷ್ಟ್ರು ಹಾಗೆ ಬರೆದ ತಾರೀಖಿನ ಲೆಕ್ಕಕ್ಕೇ.

ದಾಖಲಾತಿ ಪುಸ್ತಕದಲ್ಲಿ ನಂದಿನಿಯ ಹೆಸರು ಸಿಕ್ಕಿತು. ಜೂನ್ ಒಂದು. ಅದರ ಮೇಲಿನ ಸಾಲಿನಲ್ಲಿ ನಾಗವೇಣಿ ಎಂಬ ಇನ್ನೊಂದು ಹೆಸರು, ತಂದೆ ಅವನೇ, ತೆಂಗಿನಕಾಯಿ ಸುಲಿಯುವ ಕೂಲಿ. ಅವಳದೂ ಅದೇ ವರ್ಷದ ಅದೇ ಜೂನ್ ಒಂದು. ಅವಳಿಗಳೇ? ಅವಳಿ ಎಂದು ಎಲ್ಲೂ ಬರೆದಿರಲಿಲ್ಲ. ನನ್ನ ತಲೆ ಓಡತೊಡಗಿತು. ಒಬ್ಬಳು ದೊಡ್ಡವಳು, ಒಬ್ಬಳು ಚಿಕ್ಕವಳು. ದೊಡ್ಡವಳು ಚಿಕ್ಕವಳ ಹೆಸರಿನಲ್ಲಿ ಆಡುತ್ತಿದ್ದರೆ? ಅದಕ್ಕೇ ಅಜ್ಜಿ! ಸಿಕ್ಕಿಬಿದ್ದರು ಎಂದು ಒಳಗೊಳಗೇ ಖುಷಿಯಾಯಿತು.

ಆಮೇಲೆ ತಾರೀಖಿನ ಕೆಳಗೆ ಎಳೆದ ಎರಡು ಗೆರೆಗಳು ಕಣ್ಣಿಗೆ ಬಿದ್ದವು. ಮೇಲಿನದು ಉದ್ದ, ಕೆಳಗಿನದು ಗಿಡ್ಡ. ತಾರೀಖು ಬರೆದ ಮೇಲೆ ಹಾಗೆ ಗೆರೆ ಎಳೆಯುವುದು ನನ್ನ ಅಭ್ಯಾಸ. ಅಕ್ಷರ ದುಂಡಗಿದೆ ಎಂದು ಹೋದ ಶಾಲೆಯಲ್ಲೆಲ್ಲ ಪುಸ್ತಕ ಬರೆಯುವ ಕೆಲಸ ನನ್ನ ತಲೆಗೇ ಬರುತ್ತಿತ್ತು. ಕಡೆಯ ಕಾಲಮ್ಮಿನಲ್ಲಿ ಸಹಿಯೂ ನನ್ನದೇ.

"ಯಾರ್ ಸಾರ್ ಬರ್ದಿರೋದು? ಅಕ್ಷರ ಮುತ್ತು ಪೋಣಿಸ್ದಂಗೈತೆ" ಎಂದರು ಮೇಡಂ.

"ಯಾರೋ ಹಳೇ ಮೇಷ್ಟ್ರು" ಎಂದು ಹೇಳಿ ಪುಸ್ತಕ ಮುಚ್ಚಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಹೊರಗೆ ಬರುವಾಗ ಅಂಗಿಯ ಕಾಲರು ಸರಿಮಾಡಿಕೊಳ್ಳುತ್ತಲೇ ಇದ್ದೆ.

ಹುಡುಗಿಯ ಊರಿಗೆಂದು ಗುಬ್ಬಿಯಿಂದ ತುಮಕೂರಿಗೆ ಮರಳಿ, ಅಲ್ಲಿಂದ ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹೋದೆ. ಬಿಸಿಲು ಏರಿತ್ತು. ದಾರಿಯುದ್ದಕ್ಕೂ ಆ ಜೂನ್ ತಿಂಗಳನ್ನು ನೆನಪಿಗೆ ತಂದುಕೊಳ್ಳಲು ಒದ್ದಾಡಿದೆ. ಒಂದನೇ ತರಗತಿಯಲ್ಲಿ ಮಕ್ಕಳು ಕಡಿಮೆಯಾದರೆ ಒಬ್ಬ ಟೀಚರನ್ನು ಬೇರೆ ಕಡೆ ಹಾಕುತ್ತಾರೆ ಎಂದು ಆಗ ಗಲಾಟೆ ನಡೆದಿದ್ದು ನೆನಪಾಯಿತು. ಮಗುವಿನ ಮುಖ ಮಾತ್ರ ನೆನಪಾಗಲಿಲ್ಲ. ಪಕ್ಕದಲ್ಲಿ ಕೂತ ಅಡಿಕೆ ವ್ಯಾಪಾರಿ ಯಾವೂರು, ಯಾರ ಮನೆಗೆ, ಏನು ಕೆಲಸ ಎಂದು ಕೇಳುತ್ತಲೇ ಇದ್ದ. ಮೂಗರ್ಜಿ ಬರೆದವನು ಇವನೇ ಇರಬಹುದೇ ಎಂದು ಅವನ ಬೆರಳಿನ ಮಸಿಯ ಕಲೆಯನ್ನೂ ನೋಡಿದೆ. ಕಲೆ ಅಡಿಕೆ ಬೇಯಿಸಿದ ಚೊಗರಿನದು.

ಕುಣಿಗಲ್ಲಿನಲ್ಲಿ ಮುದ್ದೆ, ಸೊಪ್ಪಿನ ಸಾರು ಊಟ ಮಾಡಿದೆ. ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟೆ. ಅಲ್ಲಿಂದಲೇ ಫೋನ್ ಮಾಡಿ "ಪುಸ್ತಕದಲ್ಲಿ ತಾರೀಖು ಸರಿಯಾಗಿದೆ" ಎಂದು ಹೇಳಿ ಮನೆಗೆ ಹೋಗಬಹುದಿತ್ತು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಆದರೆ ನಾಗವೇಣಿ ನಂದಿನಿಯ ಹೆಸರಲ್ಲಿ ಆಡುತ್ತಿದ್ದರೆ ನನ್ನ ಸುಳ್ಳಿನ ಮೇಲೆ ಅವರೊಂದು ಸುಳ್ಳು ಕಟ್ಟಿದಂತೆ. ಅದನ್ನು ನೋಡದೆ ಬಿಡಲು ಮನಸ್ಸು ಒಪ್ಪಲಿಲ್ಲ. ಹುಲಿಯೂರುದುರ್ಗದ ಖಾಸಗಿ ಬಸ್ಸು ಹತ್ತಿದೆ. ಮುಕ್ಕಾಲು ಗಂಟೆಯ ದಾರಿ.

ಇಳಿದವನೇ ಟೀ ಅಂಗಡಿಯಲ್ಲಿ ವಿಳಾಸ ಕೇಳಿದೆ.

"ಫುಟ್ಬಾಲ್ ನಂದಿನಿ ಮನೆನಾ?" ಎಂದ ಅಂಗಡಿಯವನು. "ಹಿಂಗೇ ಹೋಗಿ, ನೀಲಿ ಬಾಗ್ಲು. ಪಾಪ, ಮಗೀಗೆ ಯಾರೋ ಮೂಗರ್ಜಿ ಹಾಕವ್ರಂತೆ. ನೀವು ಕ್ಲಬ್ಬಿನೋರಾ?"

ಇವನಿಗೂ ಗೊತ್ತು! ಅವನು ತೋರಿಸಿದ ಕಡೆ ನಡೆದೆ.

ನೀಲಿ ಬಾಗಿಲು ತೆಗೆದವರು ತಾಯಿ ಜಯಮ್ಮ, ಶಾಲೆಯ ಬಿಸಿಯೂಟದ ಅಡುಗೆಯವರು. ತಂದೆ ಎಳನೀರು ಲೋಡಿನ ಜೊತೆ ಮದ್ದೂರಿಗೆ ಹೋಗಿದ್ದ. ಒಳಗೆ ಇಬ್ಬರು ಹುಡುಗಿಯರು ಹುಣಸೆಹಣ್ಣು ಬಿಡಿಸುತ್ತಿದ್ದರು. ಅದೇ ಎತ್ತರ, ಅದೇ ಮೂಗು. ಪಟ್ಟಿಯ ಮೇಲಿದ್ದ ಫೋಟೊ ಇಬ್ಬರಿಗೂ ಹೊಂದುತ್ತಿತ್ತು. ನಾನು ಮುಖ ನೋಡುವುದನ್ನು ಬಿಟ್ಟು ಪಾದ ನೋಡಿದೆ. ಬೂಟಿನೊಳಗೆ ಒಂದು ಸೀಸನ್ ಒದ್ದ ಕಾಲಿನ ಹೆಬ್ಬೆರಳ ಉಗುರು ಕಪ್ಪಾಗದೆ ಇರುವುದಿಲ್ಲ. ಕಪ್ಪು ಉಗುರಿನವಳನ್ನು ತೋರಿಸಿ, "ಇವಳು ದೊಡ್ಡವಳೋ ಚಿಕ್ಕವಳೋ?" ಎಂದೆ.

"ಚಿಕ್ಕೋಳು ಸಾರ್, ಅವ್ಳೇ ನಂದಿನಿ" ಎಂದು ಇನ್ನೊಬ್ಬಳು, ನಾಗವೇಣಿ, ನಕ್ಕಳು. "ನಾನು ಬಾಲ್ ಕಂಡ್ರೆ ಓಡೋಗ್ತೀನಿ. ಕುಣಿಗಲ್ ಗಾರ್ಮೆಂಟ್ಸಲ್ಲಿ ಕೆಲ್ಸ ನಂದು."

ನಂದಿನಿ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಸೀಸನ್ ಹೇಗಿತ್ತು ಎಂದು ಕೇಳಿದಾಗ ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಟ್ಟಳು. ಒಡಿಶಾದಲ್ಲಿ ಸೆಖೆಗೆ ಎರಡು ಸಲ ವಾಂತಿ ಮಾಡಿಕೊಂಡು ಆಡಿದ್ದು, ಕೋಲ್ಕತ್ತದಲ್ಲಿ ಮೀನಿನ ಸಾರು ಬಿಟ್ಟು ಬರೀ ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡದ್ದು, ಕೊನೆಯ ಪಂದ್ಯದಲ್ಲಿ ಗೆರೆಯ ಮೇಲಿಂದ ಚೆಂಡು ಒದ್ದು ಹೊರಗೆ ಹಾಕಿದ್ದು. ಆ ಒಂದು ಒದೆತದಿಂದ ತಂಡ ಮೊದಲ ದರ್ಜೆಯಲ್ಲಿ ಉಳಿಯಿತಂತೆ.

"ಮುಂದಿನ್ ಸೀಸನ್ ಆಡ್ಬೇಕು ಸಾರ್. ಇನ್ನೇನೂ ಬ್ಯಾಡ" ಎಂದಳು.

ಜಯಮ್ಮ ಟ್ರಂಕಿನ ತಳದಿಂದ ತಾಯಿ ಕಾರ್ಡು ತೆಗೆದುಕೊಟ್ಟರು. ನರ್ಸಮ್ಮ ಬರೆದ ಹುಟ್ಟಿದ ದಿನ, ಚುಚ್ಚುಮದ್ದಿನ ತಾರೀಖುಗಳು, ಆಸ್ಪತ್ರೆಯ ಮೊಹರು. ಬೆಳಕಿಗೆ ಹಿಡಿದೆ, ತಿದ್ದಿದ್ದಾರೆಯೇ ಎಂದು ಉಗುರಿನಿಂದ ಕೆರೆದೆ, ಮೂಸಿಯೂ ನೋಡಿದೆ. ಬರೀ ಕರ್ಪೂರದ ಗುಳಿಗೆಯ ವಾಸನೆ. ಕಾರ್ಡಿನ ಪ್ರಕಾರ ನಂದಿನಿಗೆ ಇಪ್ಪತ್ತೊಂದೂ ಅಲ್ಲ, ಹತ್ತೊಂಬತ್ತೂ ಅಲ್ಲ, ಹದಿನೇಳೂವರೆ.

"ದೊಡ್ಡೋಳ್ನ ಸೇರ್ಸಕ್ ಹೋಗಿದ್ವಿ" ಎಂದರು ಜಯಮ್ಮ. "ಇವ್ಳು ಸೊಂಟದ್ ಮ್ಯಾಲಿದ್ಲು. ಐದೂ ತುಂಬಿರ್ನಿಲ್ಲ. ಅಲ್ಲಿದ್ದ ಮೇಷ್ಟ್ರು, ಒಂದ್ ಮಗು ಕಮ್ಮಿ ಬಿದ್ದೈತೆ, ಇವ್ಳನ್ನೂ ಬರ್ಕೊತೀನಿ, ಅಕ್ಕನ ಜತೆ ಕೂತ್ಕಳ್ಳಿ ಅಂದ್ರು. ಒಳ್ಳೇರು, ಪುಣ್ಯಾತ್ಮ."

ಅವಳ ಒಂದೂವರೆ ವರ್ಷವನ್ನು ನಾನು ಒಂದು ಸಾಲಿನಲ್ಲಿ ನುಂಗಿದ್ದೆ. ಬಾಯಿ ತೆರೆಯುವಷ್ಟರಲ್ಲಿ ನಂದಿನಿ ಮಾತಾಡಿದಳು.

"ನಿಮ್ಮನ್ನ ನೋಡಿದೀನಿ ಸಾರ್. ಎರಡು ವರ್ಷದ್ ಹಿಂದೆ ತುಮಕೂರ್ ಗ್ರೌಂಡಲ್ಲಿ. ಹದಿನೇಳರೊಳಗಿನ ಜಿಲ್ಲಾ ಟೀಮಿಗೆ ಬಂದಿದ್ದೆ. ಸರ್ಟಿಫಿಕೇಟ್ ನೋಡಿ, ಹದಿನೇಳು ತುಂಬಿ ತಿಂಗ್ಳಾಯ್ತು, ಬೂಟ್ ಬಿಚ್ಚಿ ಮನೆಗೋಗು ಅಜ್ಜಿ ಅಂದ್ರಿ. ಎಲ್ರೂ ನಕ್ರು. ಅವತ್ತು ನಕ್ಕೋರಲ್ಲಿ ಇಬ್ರು ಈಗ ನಮ್ ಟೀಮಲ್ಲೇ ಅವ್ರೆ. ಅವ್ರಿಂದ್ಲೇ ಎಲ್ರೂ ಅಜ್ಜಿ ಅಂತ ಕೂಗೋದು."

ಮೂಗರ್ಜಿಯಲ್ಲಿದ್ದ ಎರಡೂ ಮಾತುಗಳು ನನ್ನವೇ. ಸುಳ್ಳು ತಾರೀಖೂ ನನ್ನದು, ಅಜ್ಜಿ ಎಂಬ ಹೆಸರೂ ನನ್ನದು. ಹದಿನೈದೂವರೆಯ ಮಗುವನ್ನು ನನ್ನದೇ ಸುಳ್ಳು ತೋರಿಸಿ ಮೈದಾನದಿಂದ ಓಡಿಸಿದ್ದೆ, ಅದರ ಮೇಲೆ ಗೇಲಿ ಬೇರೆ ಮಾಡಿದ್ದೆ. ನನಗೆ ನಾಚಿಕೆಯಾಯಿತು.

"ಆ ಪುಣ್ಯಾತ್ಮ ನಾನೇ ಕಣಮ್ಮ" ಎಂದೆ. "ಬರೆದದ್ದು ನಾನೇ."

ಜಯಮ್ಮ ಕಣ್ಣು ಕಿರಿದು ಮಾಡಿ ನೋಡಿದರು. "ಅಯ್ಯೋ, ಆಗ ತಲೆ ತುಂಬ ಕೂದ್ಲಿತ್ತಲ್ಲ ನಿಮ್ಗೆ! ಬುಡಿ ಸಾ, ಬರ್ಕೊಳ್ದಿದ್ರೆ ಇವ್ಳು ಇಸ್ಕೂಲ್ ಬಾಗ್ಲಲ್ಲಿ ಅಕ್ಕನ್ ಕಾಯ್ಕಂಡ್ ಅಳ್ತಾ ಕೂತಿರ್ತಿದ್ಲು."

ತಾಯಿ ಬಿಟ್ಟರೂ ಮಗಳು ಬಿಡಲಿಲ್ಲ. "ಇದ್ನೆಲ್ಲ ಕ್ಲಬ್ಬಿಗೆ ಬರ್ಕೊಡ್ತೀರಾ ಸಾರ್?" ಎಂದಳು.

ನಾಗವೇಣಿ ನೋಟ್ ಪುಸ್ತಕದಿಂದ ಹಾಳೆ ಹರಿದುಕೊಟ್ಟಳು. ಪುಸ್ತಕದ ತಾರೀಖು ಊಹೆಯಿಂದ ಬರೆದದ್ದೆಂದೂ, ಬರೆದವನು ನಾನೆಂದೂ, ಆಟಗಾರ್ತಿಯ ನಿಜವಾದ ವಯಸ್ಸು ಅದಕ್ಕಿಂತ ಕಡಿಮೆಯೆಂದೂ, ಅಜ್ಜಿ ಎಂಬ ಅಡ್ಡಹೆಸರು ನನ್ನ ಬಾಯಿಂದ ಬಂದದ್ದೆಂದೂ ದುಂಡಗೆ ಬರೆದೆ. ಸಹಿ ಹಾಕಿದೆ. ತಾರೀಖಿನ ಕೆಳಗೆ ಕೈ ತಾನಾಗಿ ಎರಡು ಗೆರೆ ಎಳೆಯಿತು. ಅದರ ಫೋಟೊ ತೆಗೆದು ಕಾರ್ಡಿನ ಫೋಟೊದ ಜೊತೆ ಅಲ್ಲಿಂದಲೇ ಕಳಿಸಿದೆ. ಅರ್ಧ ಗಂಟೆಯಲ್ಲಿ ಮ್ಯಾನೇಜರು ಫೋನ್ ಮಾಡಿ ಸೋಮವಾರ ಅವಳನ್ನು ಬರಹೇಳಿದ. ಶಾಲೆಯ ತಾರೀಖನ್ನು ಮಾತ್ರ ಕೋರ್ಟಿನಲ್ಲೇ ತಿದ್ದಿಸಬೇಕೆಂದ. ಅಂದರೆ ನಾನು ಕಟಕಟೆ ಹತ್ತಿ, ವಯಸ್ಸಿನ ಕಳ್ಳರನ್ನು ಹಿಡಿಯುವ ಮೇಷ್ಟ್ರೇ ಸುಳ್ಳು ಬರೆದವನು ಎಂದು ಹೇಳಬೇಕು. ಬರುತ್ತೇನೆ ಎಂದು ಜಯಮ್ಮನಿಗೆ ಮಾತು ಕೊಟ್ಟೆ.

ಐದು ಗಂಟೆಯ ಬಸ್ಸಿಗೆ ನಂದಿನಿ ನನ್ನನ್ನು ಬಿಡಲು ಬಂದಳು. ನಿಲ್ದಾಣದಲ್ಲಿ, "ಆವತ್ತು ನಾನು ಹಂಗನ್ನಬಾರದಿತ್ತು ಕಣಮ್ಮ, ತಪ್ಪಾಯ್ತು" ಎಂದೆ. ಅವಳು ದುರ್ಗದ ಬೆಟ್ಟದ ಕಡೆ ತಿರುಗಿದಳು. ಬೆಟ್ಟದ ಮೇಲೆ ಮೋಡ ಕೂತಿತ್ತು. ನಾನು ಹತ್ತಿ ಕಿಟಕಿಯ ಪಕ್ಕ ಕೂತೆ. ಬಸ್ಸು ಅಲುಗಿದಾಗ ಅವಳು ಕಿಟಕಿಯ ಹತ್ತಿರ ಬಂದಳು.

"ಕೋರ್ಟಿಗ್ ಬರಾಗ ಶೂ ಲೇಸ್ ಕಟ್ಕಂಡ್ ಬನ್ನಿ, ಬಿದ್ಗಿದ್ದೀರ" ಎಂದಳು. ಆಮೇಲೆ ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗಿದಳು: "ಹೋಗ್ಬನ್ನಿ ತಾತ!"

ಬಸ್ಸಿನವರೆಲ್ಲ ನಕ್ಕರು. ಬಗ್ಗಿ ನೋಡಿದೆ, ಎಡಗಾಲಿನ ಲೇಸು ನಿಜಕ್ಕೂ ಬಿಚ್ಚಿತ್ತು. ಅವಳು ಕ್ಷಮಿಸಿದಳೋ ಸೇಡು ತೀರಿಸಿಕೊಂಡಳೋ ಎಂದು ಕುಣಿಗಲ್ಲಿನವರೆಗೂ ಯೋಚಿಸಬಹುದಿತ್ತು. ಯೋಚಿಸಲಿಲ್ಲ. ಲೇಸು ಕಟ್ಟಿ ತಲೆಯೆತ್ತಿ ಹಿಂದೆ ನೋಡಿದಾಗ ಅವಳು ರಸ್ತೆಯ ಅಂಚಿನಲ್ಲಿ ಮನೆಯ ಕಡೆಗೆ ಓಡುತ್ತಿದ್ದಳು, ಹದಿನೇಳರ ಹುಡುಗಿಯ ಓಟ.