ಡ್ರೈವರ್ ಮಾವನ ಲಂಡನ್ ಮನೆ

ಮೊನ್ನೆ ಹಾಸನದ ಬಸ್‌ಸ್ಟ್ಯಾಂಡಿನ ಹತ್ತಿರ ಗೋಬಿ ಮಂಚೂರಿ ಗಾಡಿಯವನು ಬಾಣಲೆಗೆ ವಿನೆಗರ್ ಸುರಿದ. ಘಾಟು ಗಪ್ಪನೆ ಮೂಗಿಗೆ ಬಡಿಯಿತು. ಜೊತೆಯಲ್ಲಿದ್ದವರೆಲ್ಲ ಬಾಯಲ್ಲಿ ನೀರೂರಿಸಿಕೊಂಡು ಪ್ಲೇಟಿಗೆ ಕೈಚಾಚಿದರೆ ನನ್ನ ಕಣ್ಣ ಮುಂದೆ ಒಂದು ಮೂರಂತಸ್ತಿನ ಮನೆ ಎದ್ದು ನಿಂತಿತು. ಇಟ್ಟಿಗೆ ಬಣ್ಣದ ಗೋಡೆ, ಬಿಳಿ ಕಿಟಕಿ, ಕರಿ ಬಾಗಿಲು. ಅಪ್ಪಟ ಲಂಡನ್ ಮನೆ, ಎತ್ತರ ಮಾತ್ರ ಕೂತ ಮಗುವಿನಷ್ಟು. ಅದರ ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕೂತ ಡ್ರೈವರ್ ಮಾವ, ಅವರ ಕೈಯಲ್ಲಿ ವಿನೆಗರಿನಲ್ಲಿ ಅದ್ದಿದ ಬನೀನಿನ ಚೂರು...

ಚನ್ನರಾಯಪಟ್ಟಣದಲ್ಲಿ ನಾವು ಬಾಡಿಗೆಗಿದ್ದ ವಠಾರದಲ್ಲಿ ಅವರದು ಪಕ್ಕದ ಮನೆ. ಬಸ್ ಡ್ರೈವರಾಗಿದ್ದು ರಿಟೈರಾದವರು. ಹೆಂಡತಿ ತೀರಿಕೊಂಡಿದ್ದರು, ಒಬ್ಬರೇ ಇದ್ದರು. ಆಳು ಭಾರಿ. ಸ್ಟೀರಿಂಗ್ ತಿರುಗಿಸಿ ತಿರುಗಿಸಿ ಅಂಗೈ ಹಲಗೆಯ ಹಾಗಾಗಿತ್ತು. ಮಾತು ಕಡಿಮೆ. ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋಗಿ ಒಂದು ಟೀ ಕುಡಿದು, ಹೋಗೋ ಬರೋ ಬಸ್ ನೋಡಿ ಬಂದರೆ ಅವರ ದಿನ ಮುಗಿಯಿತು. ನಾನು ಆಗ ಸ್ಕೂಟಿಯಿಂದ ಬಿದ್ದು ಕಾಲು ಮುರಿದುಕೊಂಡು, ಪ್ಲಾಸ್ಟರ್ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಜಗಲಿಯ ಮೇಲೆ ದಿನ ದೂಡುತ್ತಿದ್ದೆ. ಯಜಮಾನರು ಹಾಸನಕ್ಕೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೇ.

ಒಂದು ಬೆಳಿಗ್ಗೆ ಮಾವ ಗುಜರಿ ಅಂಗಡಿಯಿಂದ ದೊಡ್ಡ ರಟ್ಟಿನ ಪೆಟ್ಟಿಗೆ ಹೊತ್ತು ತಂದು ನನ್ನ ಮುಂದೆ ಇಳಿಸಿದರು.

“ಇದೇನೋ ಮನೆ ಕಣವ್ವ. ಇಂಗ್ಲೀಸ್ನಾಗೆ ಬರ್ದವ್ರೆ. ವಸಿ ಓದೇಳು ನೋಡನ.”

ಮುಚ್ಚಳದ ಮೇಲಿನ ಚಿತ್ರ ನೋಡಿ ನಾನು ನೆಟ್ಟಗೆ ಕೂತೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಲಂಡನ್ ಬೀದಿಗಳಲ್ಲಿ ಗೋಡೆಗೆ ಗೋಡೆ ಅಂಟಿಸಿ ಕಟ್ಟುತ್ತಿದ್ದರಂತಲ್ಲ, ಅಂಥ ಸಾಲುಮನೆಗಳಲ್ಲಿ ಒಂದರ ಮಾದರಿ. ಗೊಂಬೆಮನೆ. ಪ್ಲೈವುಡ್ಡಿನ ತುಂಡುಗಳನ್ನು ನಾವೇ ಜೋಡಿಸಿ, ಅಂಟಿಸಿ, ಬಣ್ಣ ಹೊಡೆದು ಕಟ್ಟಬೇಕು. ಮುಂದಿನ ಗೋಡೆ ಕಬೋರ್ಡಿನ ಬಾಗಿಲ ಹಾಗೆ ಇಡಿಯಾಗಿ ತೆರೆದುಕೊಂಡು ಒಳಗಿನ ಕೋಣೆಗಳೆಲ್ಲ ಕಾಣುತ್ತವೆ. ಇಷ್ಟನ್ನು ಓದಿ ಹೇಳಿದೆ. “ಅಂಗಾರೆ ನಮ್ ವಠಾರನೇ ಅನ್ನು,” ಅಂದರು ಮಾವ.

ಪೆಟ್ಟಿಗೆಯೊಳಗಿನ ಅವಸ್ಥೆ ಮಾತ್ರ ಯಾರಿಗೂ ಬೇಡ. ಯಾರೋ ಅರ್ಧ ಕಟ್ಟಿ ಕೈಬಿಟ್ಟಿದ್ದರು. ಅಂಟು ಮುದ್ದೆ ಮುದ್ದೆಯಾಗಿ ಒಣಗಿತ್ತು. ಮೆಟ್ಟಿಲು ತಲೆಕೆಳಗಾಗಿ ಕೂತಿತ್ತು. ಚಾವಣಿಯ ಹಲಗೆ ತೇವ ಕುಡಿದು ಹಪ್ಪಳದಂತೆ ಮುರುಟಿತ್ತು. ಒಂದು ಗೋಡೆಯ ಮೂಲೆಯನ್ನು ಇಲಿ ತಿಂದಿತ್ತು. “ಇದು ಆಗಲ್ಲ ಮಾವ,” ಅಂದೆ. ಅವರು ಒಂದು ಕಿಟಕಿ ಚೌಕಟ್ಟನ್ನು ಎತ್ತಿ ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಅದರೊಳಗಿಂದ ನನ್ನನ್ನು ನೋಡಿದರು. “ಕಿಟಕಿ ಸೊಟ್ಟ ಇಲ್ಲ. ಆಯ್ತದೆ.”

ಆಮೇಲೆ ನೋಡಿ, ನಮ್ಮಿಬ್ಬರಿಗೂ ಹುಚ್ಚು ಹಿಡಿಯಿತು! ಒಣಗಿದ ಅಂಟು ವಿನೆಗರಿಗೆ ಮೆತ್ತಗಾಗುತ್ತದೆ ಅಂತ ಮೊಬೈಲಿನಲ್ಲಿ ಯಾರೋ ತೋರಿಸಿದ್ದರು. ಮಾವ ಬಾಟಲಿ ತಂದರು. ಬಟ್ಟೆ ಅದ್ದಿ ಸಂದಿಗೆ ಒತ್ತಿ ಹಿಡಿದು, ಕಾದು, ತೆಳ್ಳನೆಯ ಚಾಕುವಿನಿಂದ ಮೀಟಿದಾಗ ಆ ಮೆಟ್ಟಿಲು ಚಟ್ ಅಂತ ಬಿಟ್ಟುಕೊಂಡ ಸದ್ದು ಇದೆಯಲ್ಲ... ನಾನು ಕೂತಲ್ಲೇ ಕೂಗಿದೆ. ವಠಾರದ ಹೆಂಗಸರು ಏನಾಯಿತೋ ಅಂತ ಓಡಿಬಂದರು. ಮೀಸೆ ಹೊತ್ತ ಗಂಡಸು ಗೊಂಬೆಮನೆ ಹಿಡಿದು ಕೂತಿರುವುದನ್ನು ಕಂಡು ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಮಾವ ತಲೆ ಎತ್ತಲಿಲ್ಲ.

ಚಾವಣಿಯ ಹಲಗೆಗೆ ಒದ್ದೆ ಬಟ್ಟೆ ಸುತ್ತಿ ಅದರ ಮೇಲೆ ನಮ್ಮ ರುಬ್ಬುಗುಂಡು ಹೇರಿದರು. ದಿನಾ ಬೆಳಿಗ್ಗೆ ಮಗ್ಗುಲು ಬದಲಿಸುವುದು ಅವರ ಕೆಲಸ. ಹಲಗೆ ನೆಟ್ಟಗಾದ ದಿನ ಟೀಗೂ ಹೋಗದೆ ನನ್ನ ಬಾಗಿಲು ಬಡಿದರು. “ಬಾರವ್ವ, ಬಾ, ಮಟಸವಾಗದೆ!” ಇಲಿ ತಿಂದ ಮೂಲೆಗೆ ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಮೆತ್ತಿ, ಒಣಗಿದ ಮೇಲೆ ಉಪ್ಪುಕಾಗದದಲ್ಲಿ ತಿಕ್ಕಿದೆವು. ಎಲ್ಲಿ ತೇಪೆ ಹಾಕಿದ್ದು ಅಂತ ನಮಗೇ ಗೊತ್ತಾಗದಷ್ಟು ನುಣುಪು ಬಂತು. ನನ್ನ ಪ್ಲಾಸ್ಟರ್ ತೋರಿಸಲು ಹಾಸನಕ್ಕೆ ಹೋದ ದಿನ ಮಾವನೂ ಬಂದರು. ಹಾರ್ಡ್‌ವೇರ್ ಅಂಗಡಿಯಲ್ಲಿ, ಇರುವುದರಲ್ಲೇ ಚಿಕ್ಕ ಕೀಲು ಕೊಡಿ ಅಂದರು. ಯಾತಕ್ಕೆ ಅಂತ ಅಂಗಡಿಯವನು ಕೇಳಿದ. “ಮನೆ ಕಟ್ಟಿಸ್ತಾ ಇವ್ನಿ ಸಾ,” ಅಂದರು, ಮುಖ ಗಂಭೀರ. ಅಲ್ಲಿಂದ ಕುಂಟಿಕೊಂಡು ಹೊರಗೆ ಬರುವಷ್ಟರಲ್ಲಿ ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಗಿತ್ತು.

ದಸರಾ ಗೊಂಬೆ ಕೂರಿಸುವಾಗ ಇದನ್ನು ನಡುವೆ ಇಡಬೇಕು ಅಂತ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಹೊರಗಿನ ಗೋಡೆಗೆ ಚಿತ್ರದಲ್ಲಿದ್ದ ಹಾಗೇ ಬಣ್ಣ ಹೊಡೆದಾಯಿತು. ಒಳಗೆ ಕೈಹಾಕಿದಾಗ ಮಾವ ತಡೆದರು. ಲಂಡನ್ನಿನವರು ಚಳಿ ಕಾಯಿಸಿಕೊಳ್ಳಲು ನಡುಮನೆಯ ಗೋಡೆಯಲ್ಲಿ ಮಾಡಿಕೊಳ್ಳುವ ಬೆಂಕಿಗೂಡು ಇತ್ತು. “ನಡುಮನೇಲಿ ಒಲೆ ಯಾಕವ್ವ? ಅಲ್ಲಿ ದೇವ್ರ ಗೂಡಿರ್ಲಿ,” ಅಂದರು. ಗೋಡೆಗೆ ಅಂಟಿಸಲು ಹೂವಿನ ಕಾಗದ ಕೊಟ್ಟಿದ್ದರು. ಅದು ಬೇಡ, ಸುಣ್ಣದ ಬಿಳುಪಿಗೆ ಚೂರು ನೀಲಿ ಇರಬೇಕು ಅಂದರು. ನೆಲಕ್ಕೆ ನಿಜವಾದ ರೆಡ್ ಆಕ್ಸೈಡ್ ಪುಡಿಯನ್ನೇ ಅಂಟಿನಲ್ಲಿ ಕಲಸಿ ಬಳಿದು, ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದರು. ಆ ನೆಲದಲ್ಲಿ ನನ್ನ ಬೆರಳು ಮಂಜುಮಂಜಾಗಿ ಕಂಡಿತು! ಎಳನೀರು ಅಂಗಡಿಯ ಕಾಗದದ ಕೊಳವೆಗಳನ್ನು ಉದ್ದಕ್ಕೆ ಸೀಳಿ, ಕೆಮ್ಮಣ್ಣಿನ ಬಣ್ಣ ಬಳಿದು ಚಾವಣಿಯ ಒಳಮೈಗೆ ಒಂದರ ಮೇಲೊಂದು ಹೊದಿಸಿದೆವು. ಥೇಟ್ ನಾಡಹೆಂಚು.

ಅಡುಗೆಮನೆಯ ಕಟ್ಟೆಗೆ ತುಂಡು ಕತ್ತರಿಸುವಾಗ ಮಾವ, “ಇನ್ನೂ ತಗ್ಗಿರ್ಲಿ,” ಅಂದರು. ಕತ್ತರಿಸಿದೆ. “ಇನ್ನೂ ಚೂರು.” ಅಳತೆ ತಪ್ಪುತ್ತದೆ ಮಾವ, ಕಟ್ಟೆ ಯಾರಾದರೂ ಅಷ್ಟು ತಗ್ಗಿಗೆ ಕಟ್ಟಿಸುತ್ತಾರೆಯೇ, ಅಂದೆ.

“ಅವ್ಳು ಕುಳ್ಳಿ ಕಣವ್ವ. ಅವ್ಳಿಗೆ ಎಟುಕಬೇಕಲ್ಲ.”

ಕೈಯಲ್ಲಿದ್ದ ಬ್ಲೇಡು ಕೆಳಗಿಟ್ಟೆ. ಆಗ ಹೇಳಿದರು, ಕಿಟಕಿಗೆ ಉಪ್ಪುಕಾಗದ ತಿಕ್ಕುತ್ತಲೇ. ಹಿರೀಸಾವೆಯಲ್ಲಿ ಅವರದೊಂದು ಮನೆ ಇತ್ತು. ಹೆಂಡತಿ ಮುಂದೆ ನಿಂತು ಕಟ್ಟಿಸಿದ್ದು. ಇವರು ಡ್ಯೂಟಿ ಮೇಲೆ ಊರೂರು ಸುತ್ತುತ್ತಿದ್ದರು. ಆಕೆ ಹೋದ ಮೇಲೆ ಇವರಿಗೆ ಆ ಮನೆಯೊಳಗೆ ಉಸಿರು ಕಟ್ಟುತ್ತಿತ್ತಂತೆ. ಯಾರನ್ನೂ ಕೇಳದೆ ಮಾರಿಬಿಟ್ಟರು. ಒಬ್ಬಳೇ ಮಗಳು, ಅರಕಲಗೂಡಿಗೆ ಕೊಟ್ಟಿದ್ದರು. ಅಮ್ಮನ ವರ್ಷಾಬ್ದಿಕಕ್ಕೆ ಅಂತ ಬಂದವಳು ಬಾಗಿಲು ತಟ್ಟಿದರೆ ತೆಗೆದವರು ಯಾರೋ ಬೇರೆಯವರು. ಅವಳು ಹೊಸ್ತಿಲಾಚೆಯಿಂದಲೇ ತಿರುಗಿ ಹೋದಳು. ಅಂದಿನಿಂದ ಅಪ್ಪನ ಫೋನೂ ಎತ್ತಿಲ್ಲ.

“ಒರಗಡೆಯಿಂದ ನೋಡ್ದೋರ್ಗೆ ಯಾರ್ದೋ ಮನೆ,” ಅಂದರು ಮಾವ, ಇಟ್ಟಿಗೆ ಬಣ್ಣದ ಗೋಡೆಯನ್ನು ಮುಟ್ಟಿ. “ಅದು ಅಂಗೇ ಇರ್ಲಿ. ಒಳಗೆ ನನ್ ಮಗ್ಳಿಗೆ ಗುರ್ತು ಸಿಕ್ರೆ ಸಾಕು.”

ಗೊಂಬೆ ಕೂರಿಸುವ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಆದರೆ ಕೆಲಸದ ಹುರುಪು ಇಮ್ಮಡಿಯಾಯಿತು. ಒಳಕೋಣೆಗಳಿಗೆ ಹಸಿರು ಬಾಗಿಲು, ನೀರಿನ ಹಂಡೆ, ಸೌದೆ ಅಟ್ಟ, ಒಲೆಯ ಪಕ್ಕ ಒರಳು, ನೆಲುವಿಗೆ ತೂಗುಬಿಟ್ಟ ಗಡಿಗೆ, ಹೆಸರುಕಾಳಿನಷ್ಟು ಬೆಲ್ಲದ ಅಚ್ಚು. ಅವರು ಕಣ್ಣುಮುಚ್ಚಿ ನೆನಪಿಸಿಕೊಂಡು ಹೇಳುವುದು, ನಾನು ಮಾಡುವುದು. ಕೆಲವು ಸಲ ಅವರಿಗೆ ನೆನಪೇ ಆಗುತ್ತಿರಲಿಲ್ಲ. ಆಗ ಅಂದಾಜಿಗೆ ಒಂದು ಕಡೆ ಇಟ್ಟುಬಿಡುತ್ತಿದ್ದೆವು...

ಪ್ಲಾಸ್ಟರ್ ಬಿಚ್ಚಿಸಿ ನಾನು ಕೋಲು ಹಿಡಿದು ಓಡಾಡುವಂತಾದ ಮೇಲೆ ಅರಕಲಗೂಡಿಗೆ, ಮಗಳ ಮನೆಗೆ ಹೊರಟೆವು. ಮಾವನಿಗೆ ಒಬ್ಬರೇ ಹೋಗಲು ಧೈರ್ಯವಿರಲಿಲ್ಲ. ನನಗೆ ಬಿಟ್ಟಿರಲು ಮನಸ್ಸಿರಲಿಲ್ಲ. ಮಾವ ಗೊಂಬೆಮನೆಗೆ ಹಳೇ ದುಪ್ಪಟಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಹೊಳೆನರಸೀಪುರದ ಬಸ್ಸಿನಲ್ಲಿ ಕೂತರು. ಕಂಡಕ್ಟರ್ ಗುರುತಿನವನೇ. “ಏನಣ್ಣೋ, ಮನೆನೇ ಎತ್ಕಂಡ್ ಒಂಟ್ಬುಟ್ಟೆ?” ಅಂದ. ಅವನಿಗೇನು ಗೊತ್ತು ಪಾಪ, ದುಪ್ಪಟಿಯೊಳಗೆ ಇರುವುದೂ ಅದೇ ಅಂತ. ಮಾವ ಗಂಟು ಬಿಚ್ಚಿ ಮುಂದಿನ ಗೋಡೆ ತೆರೆದೇಬಿಟ್ಟರು. ಬಸ್ಸಿಗೆ ಬಸ್ಸೇ ಬಗ್ಗಿ ನೋಡಿತು! ಹಿಂದಿನ ಸೀಟಿನ ಅಜ್ಜಿಯೊಬ್ಬರು, “ಅಯ್ ಶಿವನೆ, ಒಲೆ ಮುಂದೆ ಊದುಗೊಳವೆನೂ ಅದೆ ಕಣ್ರವ್ವ,” ಅಂತ ಎಲ್ಲರಿಗೂ ಸಾರಿದರು. ಹೊಳೆನರಸೀಪುರದಲ್ಲಿ ಬಸ್ ಬದಲಿಸಿದಾಗ, ಬಾನೆಟ್ ಮೇಲೆ ಇಡಿ ಅಂತ ಆ ಡ್ರೈವರ್ ಜಾಗ ಮಾಡಿಕೊಟ್ಟ. ಮಾವ ಒಪ್ಪಲಿಲ್ಲ. “ಬಾನೆಟ್ ಕಾಯ್ತದೆ, ಅಂಟು ಬುಡ್ತದೆ.” ಅರಕಲಗೂಡು ಬರುವವರೆಗೂ ಒಂದೊಂದು ರೋಡ್ ಹಂಪಿಗೂ ಮುಂಚೆಯೇ “ನಿದಾನ, ನಿದಾನ ಕಣ್ಲಾ” ಅಂತ ಕೂಗುತ್ತಿದ್ದರು. ಊರು ಹತ್ತಿರವಾದಂತೆ ಆ ಕೂಗೂ ನಿಂತಿತು. ನೋಡಿದರೆ ಹಣೆಯೆಲ್ಲ ಬೆವರು.

ಬಾಗಿಲು ತೆಗೆದ ಮಗಳು ಅಪ್ಪನನ್ನು ನೋಡಿ ಹಾಗೇ ನಿಂತಳು. ಒಳಗೆ ಬನ್ನಿ ಅನ್ನಲಿಲ್ಲ. ನನ್ನ ಕೋಲು ನೋಡಿ ಸ್ವಲ್ಪ ಸರಿದು ದಾರಿ ಬಿಟ್ಟಳು, ಅಷ್ಟೇ. ನಾನು ಪಕ್ಕದ ಮನೆಯವಳು ಅಂತ ಹೇಳಿದೆ. ನೀರು ತಂದು ನನ್ನ ಕೈಗೆ ಕೊಟ್ಟಳು. ಅಪ್ಪನ ಲೋಟವನ್ನು ನೆಲದ ಮೇಲಿಟ್ಟಳು. ಮಾವ ನೀರು ಮುಟ್ಟಲಿಲ್ಲ. ದುಪ್ಪಟಿ ಬಿಚ್ಚಿ, ಗೋಡೆ ತೆರೆದು, ಹಿಂದೆ ಸರಿದು ಕೂತರು.

ಅವಳು ದೂರದಿಂದಲೇ ನೋಡಿದಳು. ಆಮೇಲೆ ಹತ್ತಿರ ಬಂದಳು. ಆಮೇಲೆ ಕುಕ್ಕರುಗಾಲಲ್ಲಿ ಕೂತು ಅಡುಗೆಮನೆಯೊಳಕ್ಕೆ ಮುಖವಿಟ್ಟಳು. ತಗ್ಗಿನ ಕಟ್ಟೆಯ ಮೇಲೆ ಅವಳ ಬೆರಳು ಆ ತುದಿಯಿಂದ ಈ ತುದಿಗೆ ಹೋಯಿತು.

“ಒರಳು ಇಲ್ಲಿರ್ಲಿಲ್ಲ,” ಅಂದಳು.

ಮಾವ ತಲೆ ಎತ್ತಿದರು. “ಮತ್ತೆಲ್ಲಿತ್ತವ್ವ?”

“ಹಿತ್ಲು ಬಾಗ್ಲು ಹಿಂದೆ. ನೀನ್ಯಾವತ್ತು ಅಡುಗೆಮನೆಗೆ ಬಂದಿದ್ದೆ, ಗೊತ್ತಿರಾಕೆ?”

“ಅಂಗಾರೆ ಕಿತ್ತಾಕು. ಸರ್ಯಾಗಿ ಮಡಗು.”

ಅವಳು ಉಗುರಿನಿಂದ ಒರಳನ್ನು ಮೀಟಿ ತೆಗೆದಳು. ಅಂಗೈಯಲ್ಲಿಟ್ಟುಕೊಂಡು ನೋಡುತ್ತಾ ನೋಡುತ್ತಾ ಅತ್ತಳು. “ಮಾರೋವಾಗ ನಂಗೊಂದ್ ಮಾತು ಕೇಳ್ಬಾರ್ದಿತ್ತಾ ಅಪ್ಪ?”

“ಕೇಳ್ಬೇಕಿತ್ತು ಕಣವ್ವ. ತೆಪ್ಪಾಯ್ತು. ನಿಮ್ಮವ್ವ ಇಲ್ದಿರೋ ಮನೇಲಿ ನಂಗೆ ಇರಾಕಾಗ್ನಿಲ್ಲ.”

ಅಂಟಿನ ಬಾಟಲಿ ನನ್ನ ಬ್ಯಾಗಿನಲ್ಲೇ ಇತ್ತು. ತೆಗೆದುಕೊಟ್ಟೆ. ಅಪ್ಪ ಮಗಳು ತಲೆಗೆ ತಲೆ ತಾಗಿಸಿಕೊಂಡು ಆ ಒರಳನ್ನು ಅದರ ಜಾಗದಲ್ಲಿ ಕೂರಿಸುವುದನ್ನು ನೋಡುತ್ತಾ, ಆಡಿಸಲಾಗದ ಕಾಲನ್ನು ಮರೆತು ಎದ್ದು ಕುಣಿಯಬೇಕೆನ್ನಿಸಿತು ನನಗೆ. ಅವಳು ಊಟಕ್ಕಿಟ್ಟಳು. ಮಾವ ಅಲ್ಲೇ ಉಳಿದರು. ನಾನೊಬ್ಬಳೇ ಹಿಂದಿರುಗಿದೆ. ಪಕ್ಕದಲ್ಲಿ ಕೂತಿದ್ದ ಯಾರೋ ಹೆಂಗಸಿಗೆ ಹೊಳೆನರಸೀಪುರದವರೆಗೂ ಈ ಕಥೆಯನ್ನೆಲ್ಲ ಹೇಳಿದೆ, ಆಕೆ ಕೇಳದಿದ್ದರೂ.

ಮುಂದಿನ ತಿಂಗಳು ಮಾವ ವಠಾರ ಖಾಲಿ ಮಾಡಿ ಮಗಳ ಮನೆಗೇ ಹೋದರು. ಆಗಾಗ ಫೋನ್ ಬರುತ್ತಿತ್ತು. “ಅಟ್ಟಕ್ಕೆ ಏಣಿ ಮಾಡ್ದೋ ಕಣವ್ವ. ತುಳಸಿಕಟ್ಟೆ ಆಯ್ತು.” ಮಗಳು ನೆನಪಿಸಿಕೊಳ್ಳುವುದು, ಅಪ್ಪ ಕೆತ್ತುವುದು. ಅವರು ಫೋನಿನಲ್ಲಿ ಅಷ್ಟೊಂದು ಮಾತಾಡಬಲ್ಲರು ಅಂತ ಪಕ್ಕದಲ್ಲೇ ಇದ್ದಾಗ ನನಗೆ ಗೊತ್ತೇ ಇರಲಿಲ್ಲ... ಹೋದ ವರ್ಷ, ಮಧ್ಯಾಹ್ನ ಊಟ ಮಾಡಿ ಒರಗಿದವರು ಮತ್ತೆ ಏಳಲಿಲ್ಲ.

ಮೊನ್ನೆ ಗೋಬಿ ಗಾಡಿಯ ಮುಂದಿನಿಂದ ಎದ್ದು ಬಂದವಳು ಸುಮ್ಮನಿರಲಾರದೆ ಮರುದಿನವೇ ಅರಕಲಗೂಡಿಗೆ ಹೋದೆ. ಮನೆ ಟಿವಿ ಪಕ್ಕದ ಮೇಜಿನ ಮೇಲಿದೆ. ಮುಂದಿನ ಗೋಡೆ ಸದಾ ತೆರೆದೇ ಇರುತ್ತದೆ. ಎಷ್ಟು ತುಂಬಿಕೊಂಡಿದೆ ಅಂತೀರಿ! ಆದರೆ ಒಳಗೆ ಜನ ಇಲ್ಲ. ನಾನು ಈಗ ಜೇಡಿಮಣ್ಣಿನ ಗೊಂಬೆ ಮಾಡುವುದನ್ನೂ ಕಲಿತಿದ್ದೇನೆ. ಅಪ್ಪ ಅಮ್ಮ ಇಬ್ಬರದೂ ಮಾಡಿಕೊಡಲೇ ಅಂತ ಕೇಳಿದೆ.

ಅವಳು ಯೋಚಿಸಿದಳು. “ಅಮ್ಮಂದು ಮಾಡ್ಕೊಡಿ ಅಕ್ಕ. ಅಪ್ಪಂದು ಬ್ಯಾಡ. ಅವ್ರು ಯಾವತ್ತು ಮನೇಲಿದ್ರು? ಡ್ಯೂಟಿಗೆ ಓಗವ್ರೆ ಅನ್ಕತೀನಿ.”

ಸಂಜೆ ಬಸ್‌ಸ್ಟ್ಯಾಂಡಿಗೆ ಬಂದೆ. ಹಾಸನದ ಬಸ್ ನಿಂತಿತ್ತು. ಹತ್ತುವ ಮೊದಲು ಡ್ರೈವರ್ ಸೀಟಿನ ಕಡೆ ಒಮ್ಮೆ ನೋಡಿದೆ. ಯಾರೋ ಎಳೆಯ ಹುಡುಗ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. “ಹತ್ತಿ ಮೇಡಂ, ಟೈಮಾಯ್ತು,” ಅಂದ. ಹತ್ತಿ ಕೂತೆ.